ಬೆರಳ ಮೇಲಿನ ಗಂಟಿಗೆ ಬ್ಲೇಡು ಬೇಡ

ಬೆರಳಿನ ಬದಿಯಲ್ಲೋ ಉಗುರಿನ ಬುಡದಲ್ಲೋ ಸಾಸಿವೆಯಷ್ಟು ಚರ್ಮ ಎದ್ದು ನಿಂತರೆ ಮನೆಯಲ್ಲಿ ಮೊದಲು ಹುಡುಕುವುದು ಬ್ಲೇಡು. ಸ್ನಾನವಾದ ಮೇಲೆ ಚರ್ಮ ಮೆತ್ತಗಾದ ಹೊತ್ತು ನೋಡಿ ಹೆರೆಯುವವರಿದ್ದಾರೆ, ನೇಲ್ ಕಟ್ಟರ್‌ನಲ್ಲಿ ಕಚ್ಚಿಸಿ ಕೀಳುವವರಿದ್ದಾರೆ. ಕುದುರೆ ಬಾಲದ ಕೂದಲು ಬಿಗಿದು ಕಟ್ಟಿ ತಾನಾಗಿ ಉದುರಲೆಂದು ಕಾಯುತ್ತಾರೆ. ಸುಣ್ಣಕ್ಕೆ ಸೋಡಾ ಕಲಸಿ ಹಚ್ಚುತ್ತಾರೆ, ಎಕ್ಕದ ಹಾಲು ಹನಿಸುತ್ತಾರೆ, ಕರಾವಳಿಯ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸುತ್ತಾರೆ. ಈ ಮೂರೂ ಗಂಟಿನ ಜೊತೆಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತವೆ. ವಾರ ಕಳೆದ ಮೇಲೆ ಚರ್ಮರೋಗ ತಜ್ಞರ ಮುಂದೆ ಕೂರುವಾಗ ಬೆರಳಿನಲ್ಲಿ ಗಂಟೂ ಇರುತ್ತದೆ, ಅದರ ಸುತ್ತ ಹೊಸದೊಂದು ಹುಣ್ಣೂ ಇರುತ್ತದೆ.

ಕೈಕಾಲು ಬೆರಳುಗಳ ಮೇಲೆ ಏಳುವ ಇಂಥ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಜೀವಕ್ಕೆ ಕೇಡೂ ತರುವುದಿಲ್ಲ. ಆದರೆ ಅವೆಲ್ಲ ಒಂದೇ ಜಾತಿಯವಲ್ಲ. ವೈರಸ್‌ನಿಂದ ಬಂದದ್ದು, ಚಪ್ಪಲಿಯ ಒತ್ತಡದಿಂದ ಬಂದದ್ದು, ಕೀಲಿನಿಂದ ಸೋರಿದ ಲೋಳೆ ಶೇಖರವಾದದ್ದು, ಸಣ್ಣ ರಕ್ತನಾಳಗಳು ಗೊಂಚಲುಗಟ್ಟಿದ್ದು, ದೇಹದೊಳಗಿನ ವಂಶವಾಹಿ ಕಾಯಿಲೆಯ ಸುಳಿವಾಗಿ ಮೂಡಿದ್ದು, ಇವೆಲ್ಲವೂ ಮನೆಯವರ ಕಣ್ಣಿಗೆ ಬರೀ ಗಂಟು. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಗಾಯವಾಗುತ್ತದೆ. ಹಾಗಾಗಿ ಯಾವುದೆಂದು ಗೊತ್ತಾಗುವ ಮುನ್ನ ಕೈಹಾಕಬಾರದು.

ಅತಿ ಹೆಚ್ಚು ಜನರಿಗೆ ಬರುವುದು ನರಹುಲಿ. ಇದು ಸೋಂಕು ಎಂಬುದನ್ನು 1907ರಲ್ಲಿ ಇಟಲಿಯ ವೈದ್ಯ ಜುಸೆಪ್ಪೆ ಚುಫೊ ತೋರಿಸಿಕೊಟ್ಟರು. ಅವರು ನರಹುಲಿಯನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯಾವಾಗಲಿ ದಾಟಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಆ ರಸವನ್ನು ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡರು. ಅಲ್ಲಿ ನರಹುಲಿ ಎದ್ದಿತು. ಶೋಧಕವನ್ನು ದಾಟಿದ್ದು ವೈರಸ್. ಇಂದು ಅದನ್ನು ಹ್ಯೂಮನ್ ಪ್ಯಾಪಿಲೋಮ ವೈರಸ್, ಅಂದರೆ ಎಚ್‌ಪಿವಿ ಎಂದು ಕರೆಯುತ್ತೇವೆ. ಅದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿಗೆ ಬರುವ ನರಹುಲಿಗೆ ಕಾರಣವಾಗುವುದು ಹೆಚ್ಚಾಗಿ 1, 2, 4, 27 ಮತ್ತು 57ನೇ ಬಗೆಗಳು. ಗರ್ಭಕಂಠದ ಕ್ಯಾನ್ಸರ್ ತರುವ 16 ಮತ್ತು 18ನೇ ಬಗೆಗಳು ಬೇರೆ. ಮಗಳ ಬೆರಳಿನಲ್ಲಿ ನರಹುಲಿ ಕಂಡು, ಎಚ್‌ಪಿವಿ ಎಂಬ ಹೆಸರು ಕೇಳಿ ಗಾಬರಿಯಾಗುವ ತಾಯಂದಿರಿಗೆ ಇಷ್ಟು ತಿಳಿದರೆ ದೊಡ್ಡ ಸಮಾಧಾನ. ಆ ಕ್ಯಾನ್ಸರ್ ತಡೆಯಲು ಹೆಣ್ಣುಮಕ್ಕಳಿಗೆ ಕೊಡುವ ಲಸಿಕೆ ಒಳ್ಳೆಯದೇ, ಆದರೆ ಕೈಯ ನರಹುಲಿಗೆಂದು ಮಾಡಿದ್ದಲ್ಲ.

ನರಹುಲಿಗೆ ಆಳವಾದ ಬೇರಿದೆ, ಬೇರು ಸಮೇತ ಕೀಳದಿದ್ದರೆ ಮತ್ತೆ ಚಿಗುರುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ವಾಸ್ತವದಲ್ಲಿ ಈ ವೈರಸ್ ಚರ್ಮದ ಮೇಲ್ಪದರವನ್ನು ಬಿಟ್ಟು ಕೆಳಗಿಳಿಯುವುದೇ ಇಲ್ಲ. ಒಳಗೆ ಕಾಣುವ ಕಪ್ಪು ಚುಕ್ಕೆಗಳನ್ನು ಜನ ಬೇರೆಂದು ತಿಳಿಯುತ್ತಾರೆ. ಅವು ನರಹುಲಿಯೊಳಕ್ಕೆ ಏರಿ ಬಂದು, ರಕ್ತ ಹೆಪ್ಪುಗಟ್ಟಿ ನಿಂತ ಕೂದಲೆಳೆಯ ರಕ್ತನಾಳಗಳು. ಬ್ಲೇಡು ತಾಗಿದ ಕೂಡಲೇ ಚುಕ್ಕೆ ಚುಕ್ಕೆಯಾಗಿ ರಕ್ತ ಜಿನುಗುವುದು ಇದರಿಂದಲೇ. ಆ ಬ್ಲೇಡಿನಲ್ಲಿ ಅಂಟಿದ ವೈರಸ್ ಪಕ್ಕದ ಚರ್ಮದ ಗೀರಿನಲ್ಲಿ ಇಳಿಯುತ್ತದೆ. ಒಂದು ಇದ್ದದ್ದು ಸಾಲಾಗಿ ಐದಾರು ಆಗುವುದು ಹೀಗೆ. ಉಗುರು ಕಚ್ಚುವ ಮಕ್ಕಳಲ್ಲಿ ಉಗುರಿನ ಸುತ್ತ ನರಹುಲಿ ಏಳುವುದೂ ಇದೇ ದಾರಿಯಲ್ಲಿ.

ಕೆಲವು ಊರುಗಳಲ್ಲಿ ನರಹುಲಿಗೆ ದೇವಸ್ಥಾನದಲ್ಲಿ ಉಪ್ಪು ಮೆಣಸು ಹಾಕುವ ಹರಕೆ ಇದೆ. ಹರಕೆ ಹೊತ್ತ ಮೇಲೆ ಉದುರಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಾಥಮಿಕ ಶಾಲೆಯ ಸಾವಿರಕ್ಕೂ ಹೆಚ್ಚು ಮಕ್ಕಳ ಕೈಕಾಲುಗಳನ್ನು ಪರೀಕ್ಷಿಸಿದಾಗ ಮೂರರಲ್ಲಿ ಒಂದು ಮಗುವಿಗೆ ನರಹುಲಿ ಇತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಅವರಲ್ಲಿ ಅರ್ಧದಷ್ಟು ಮಕ್ಕಳಲ್ಲಿ ಅದು ಪೂರ್ತಿ ಮಾಯವಾಗಿತ್ತು. ರೋಗನಿರೋಧಕ ಶಕ್ತಿ ವೈರಸ್ಸನ್ನು ತಡವಾಗಿ ಗುರುತಿಸುತ್ತದೆ, ಗುರುತಿಸಿದ ಮೇಲೆ ಕೆಲವೇ ವಾರಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಡುವುದುಂಟು. ಆ ಹೊತ್ತಿನಲ್ಲಿ ಹಚ್ಚುತ್ತಿದ್ದ ಸೊಪ್ಪಿಗೋ ಹೊತ್ತಿದ್ದ ಹರಕೆಗೋ ಹೆಸರು ಬರುತ್ತದೆ.

ಆಸ್ಪತ್ರೆಯ ಚಿಕಿತ್ಸೆಗಳನ್ನೂ ಇದೇ ಅಳತೆಗೋಲಿನಲ್ಲಿ ನೋಡಬೇಕು. −196 ಡಿಗ್ರಿಯಷ್ಟು ತಣ್ಣಗಿರುವ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಸ್ಯಾಲಿಸಿಲಿಕ್ ಆಮ್ಲ ಹಚ್ಚುವುದು, ಇವೆರಡು ಹೆಚ್ಚು ಬಳಕೆಯಲ್ಲಿವೆ. ನೆದರ್‌ಲ್ಯಾಂಡ್ಸ್‌ನಲ್ಲೇ ನಡೆದು 2010ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ, 13 ವಾರಗಳ ನಂತರ ಸಾಮಾನ್ಯ ನರಹುಲಿ ವಾಸಿಯಾದವರು ಹೆಪ್ಪುಗಟ್ಟಿಸಿಕೊಂಡವರಲ್ಲಿ ಶೇ 49, ಆಮ್ಲ ಹಚ್ಚಿಕೊಂಡವರಲ್ಲಿ ಶೇ 15, ಏನೂ ಮಾಡದೆ ಕಾದವರಲ್ಲಿ ಶೇ 8. ಅಂಗಾಲಿನ ನರಹುಲಿಗೆ ಹೆಪ್ಪುಗಟ್ಟಿಸುವುದು ಸುಮ್ಮನೆ ಕಾಯುವುದಕ್ಕಿಂತ ಮೇಲೇನೂ ಆಗಿರಲಿಲ್ಲ. ಮರುವರ್ಷ ಪ್ರಕಟವಾದ, ಬ್ರಿಟನ್ನಿನಲ್ಲಿ ಅಂಗಾಲಿನ ನರಹುಲಿಯಿದ್ದ 240 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲೂ 12 ವಾರಗಳಲ್ಲಿ ವಾಸಿಯಾದವರು ಹೆಪ್ಪುಗಟ್ಟಿಸಿಕೊಂಡವರು, ಆಮ್ಲ ಹಚ್ಚಿಕೊಂಡವರು ಎರಡೂ ಗುಂಪಿನಲ್ಲಿ ಶೇ 14ರಷ್ಟೇ. ನಮ್ಮ ಮೈಬಣ್ಣಕ್ಕೆ ಇನ್ನೊಂದು ಮಾತು ಸೇರುತ್ತದೆ: ಜೋರಾಗಿ ಹೆಪ್ಪುಗಟ್ಟಿಸಿದ ಜಾಗ ಬಿಳಿಚಿಕೊಂಡು ಬಹುಕಾಲ ಹಾಗೇ ಉಳಿಯಬಹುದು, ಉಗುರಿನ ಬುಡಕ್ಕೆ ಪೆಟ್ಟಾದರೆ ಉಗುರು ಸೊಟ್ಟಗೆ ಬೆಳೆಯಬಹುದು. ನೋವಿಲ್ಲದ ಒಂದೆರಡು ನರಹುಲಿ ಇರುವ ಮಗುವನ್ನು ಪ್ರತಿ ಹದಿನೈದು ದಿನಕ್ಕೊಮ್ಮೆ ಅಳಿಸಿ ಸುಡಿಸುವುದಕ್ಕಿಂತ ಕಾಯುವುದೇ ಎಷ್ಟೋ ಸಲ ಮೇಲು.

ಹತ್ತಾರು ನರಹುಲಿ ಇದ್ದವರ ಕಥೆ ಬೇರೆ. ಅಲ್ಲಿ ವೈದ್ಯರು ರೋಗನಿರೋಧಕ ಶಕ್ತಿಯನ್ನೇ ಎಚ್ಚರಿಸಲು ನೋಡುತ್ತಾರೆ. ದಾವಣಗೆರೆಯ ಚರ್ಮರೋಗ ತಜ್ಞರು 2009ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ. ರೋಗಿಯದೇ ನರಹುಲಿಯಿಂದ ಒಂದು ಚೂರು ತೆಗೆದು, ಮುಂಗೈಯ ಚರ್ಮದಡಿ ಸಣ್ಣ ಜೇಬು ಮಾಡಿ ಅಲ್ಲಿ ಹುದುಗಿಸಿಡುವುದು. ಮೇಲ್ಪದರದಲ್ಲಿ ಅಡಗಿದ್ದ ವೈರಸ್ ಆಳಕ್ಕೆ ಬಂದಾಗ ದೇಹದ ಕಾವಲು ಕೋಶಗಳು ಅದನ್ನು ಗುರುತು ಹಿಡಿದು, ಉಳಿದ ಕಡೆಯೂ ಬೆನ್ನಟ್ಟುತ್ತವೆ. 60 ಮಂದಿಯಲ್ಲಿ ಮುಕ್ಕಾಲು ಪಾಲಿನಷ್ಟು ಜನರಿಗೆ ಎಲ್ಲ ನರಹುಲಿಗಳೂ ಹೋದವು. ಖರ್ಚು ಕಡಿಮೆ, ದೊಡ್ಡ ಯಂತ್ರ ಬೇಕಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಒಗ್ಗುವ ಇಂಥ ಕೆಲಸಕ್ಕೆ ಇನ್ನಷ್ಟು ಪ್ರಚಾರ ಸಿಗಬೇಕಿತ್ತು.

ಆ ಕಾವಲೇ ಸೋತರೆ ಏನಾಗುತ್ತದೆಂಬುದನ್ನು ಇಂಡೋನೇಷ್ಯಾದ ದೇದೆ ಕೋಸ್ವರ ಅವರ ಬದುಕು ಜಗತ್ತಿಗೆ ತೋರಿಸಿತು. ಸಾಮಾನ್ಯ ನರಹುಲಿ ತರುವ 2ನೇ ಬಗೆಯ ಎಚ್‌ಪಿವಿಯನ್ನೇ ತಡೆಯಲಾಗದ ರೋಗನಿರೋಧಕ ದೋಷ ಅವರಲ್ಲಿತ್ತು. ಕೈಕಾಲು ಬೆರಳುಗಳು ಒಂದರಿಂದೊಂದು ಬೇರೆಯಾಗಿ ಕಾಣದಷ್ಟು ಗಂಟುಗಳು ಬೆಳೆದವು. 2008ರ ಶಸ್ತ್ರಚಿಕಿತ್ಸೆಯಲ್ಲಿ ಸುಮಾರು ಆರು ಕಿಲೋ ತೆಗೆದರು, ಮತ್ತೆ ಬೆಳೆಯಿತು. 2016ರಲ್ಲಿ ಅವರು ತೀರಿಕೊಂಡರು. ಇದು ಅತಿ ಅಪರೂಪ. ಆದರೆ ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ನರಹುಲಿ ಹೆಚ್ಚಾಗುವುದನ್ನು ಆ ವಿಭಾಗದ ವೈದ್ಯರು ದಿನವೂ ಕಾಣುತ್ತಾರೆ.

ಕಾಲಿನಲ್ಲಿ ನರಹುಲಿಯ ಜೊತೆ ಬೆರೆತುಹೋಗುವುದು ಆಣಿ. ಇದರಲ್ಲಿ ವೈರಸ್ ಇಲ್ಲ, ಹಾಗಾಗಿ ಅಂಟುವುದೂ ಇಲ್ಲ. ಬಿಗಿ ಶೂ, ಸವೆದ ಚಪ್ಪಲಿ, ಮಡಚಿದ ಕಾಲ್ಬೆರಳು ಒಂದೇ ಜಾಗವನ್ನು ಒತ್ತುತ್ತಿದ್ದರೆ ಚರ್ಮ ದಪ್ಪಗಟ್ಟಿ ಒಳಮುಖವಾಗಿ ಮೊಳೆ ಕಟ್ಟುತ್ತದೆ. ಗುರುತಿಸಲು ಸುಲಭದ ದಾರಿಯಿದೆ. ಆಣಿಯ ಮೇಲೆ ಚರ್ಮದ ಗೆರೆಗಳು ಹಾದುಹೋಗುತ್ತವೆ, ನೇರ ಒತ್ತಿದರೆ ನೋವು. ನರಹುಲಿಯಲ್ಲಿ ಗೆರೆಗಳು ಅಂಚಿನಲ್ಲೇ ತುಂಡಾಗುತ್ತವೆ, ಎರಡೂ ಬದಿಯಿಂದ ಹಿಸುಕಿದರೆ ಹೆಚ್ಚು ನೋವು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಬೆವರಿಗೆ ನೆನೆದು ಬೆಳ್ಳಗಾದ ಮೆತ್ತನೆಯ ಆಣಿಯೂ ಆಗುತ್ತದೆ, ಅದನ್ನು ನಂಜೆಂದು ತಿಳಿದು ಮುಲಾಮು ಹಚ್ಚುತ್ತಲೇ ಇರುತ್ತಾರೆ. ಪಾದರಕ್ಷೆ ಬದಲಾಗದೆ ಯಾವ ಮುಲಾಮೂ ಆಣಿಯನ್ನು ಕಳೆಯದು.

ಇಲ್ಲಿ ಸಕ್ಕರೆ ಕಾಯಿಲೆಯವರಿಗೆ ಗಟ್ಟಿಯಾಗಿ ಹೇಳಲೇಬೇಕು. ಐಸಿಎಂಆರ್ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಮಧುಮೇಹಿಗಳು ಹತ್ತು ಕೋಟಿಗೂ ಹೆಚ್ಚು. ವರ್ಷಗಟ್ಟಲೆ ಸಕ್ಕರೆ ಏರಿದ್ದವರ ಪಾದಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ, ರಕ್ತ ಸಂಚಾರವೂ ತಗ್ಗಿರುತ್ತದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಕಾರ್ನ್ ಕ್ಯಾಪ್‌ನಲ್ಲಿರುವುದು ಚರ್ಮ ಕರಗಿಸುವ ಸ್ಯಾಲಿಸಿಲಿಕ್ ಆಮ್ಲ. ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದ ಅದಕ್ಕಿಲ್ಲ. ಉರಿ ಗೊತ್ತಾಗದ ಪಾದದಲ್ಲಿ ಅದು ಹುಣ್ಣು ಮಾಡಿ, ಹುಣ್ಣು ಮೂಳೆಗಿಳಿದು, ಬೆರಳು ತೆಗೆಯುವ ತನಕ ಹೋಗಬಹುದು. ಮಧುಮೇಹಿಗಳು ಕಾಲಿಗೆ ಬ್ಲೇಡನ್ನೂ ಆ ಪಟ್ಟಿಯನ್ನೂ ಮುಟ್ಟಿಸಲೇಬಾರದು.

ನಡುವಯಸ್ಸಿನವರ ಕೈಬೆರಳ ಕೊನೆಯ ಗೆಣ್ಣಿನ ಬಳಿ, ಉಗುರಿಗೆ ಸ್ವಲ್ಪ ಹಿಂದೆ, ಹೊಳೆಯುವ ಗುಳ್ಳೆ ಕಂಡರೆ ಅದು ಸವೆದ ಕೀಲಿನಿಂದ ಹೊರಬಂದ ಲೋಳೆ. ಉಗುರಿನ ಬುಡವನ್ನು ಅದು ಒತ್ತುವುದರಿಂದ ಉಗುರಿನುದ್ದಕ್ಕೂ ಒಂದು ತಗ್ಗು ಗೆರೆ ಬೀಳುತ್ತದೆ. ಸೂಜಿಯಿಂದ ಚುಚ್ಚಿದರೆ ತಿಳಿಯಾದ ಲೋಳೆ ಹೊರಬರುತ್ತದೆ. ಅದೇ ತೂತಿನಿಂದ ಕೀಲಿನೊಳಕ್ಕೆ ಸೋಂಕು ಹೋಗುವ ಅಪಾಯವಿದೆ. ತೊಂದರೆ ಕೊಡದಿದ್ದರೆ ಹಾಗೇ ಬಿಡಬಹುದು.

ಇನ್ನೊಂದು ಬಗೆಯ ಗಂಟಿಗೆ 1965ರಲ್ಲಿ ಅಮೆರಿಕದ ವೈದ್ಯರೊಬ್ಬರು ಬೆಳ್ಳುಳ್ಳಿ ಎಸಳಿನ ಹೆಸರಿಟ್ಟರು. ನೋಡಲು ನಿಜಕ್ಕೂ ಹಾಗೇ ಇರುತ್ತದೆ: ಬುಡ ಸಣ್ಣ, ತುದಿ ಮೊನಚು, ಗಟ್ಟಿ, ಬುಡದ ಸುತ್ತ ಚರ್ಮದ ಸಣ್ಣ ಏರುಬಳೆ. ದೊಡ್ಡವರ ಬೆರಳಿನಲ್ಲಿ ಒಂಟಿಯಾಗಿ ಬೆಳೆಯುವ ಇಂಥ ನಾರುಗಂಟನ್ನು 1968ರಲ್ಲಿ ನಾಲ್ವರು ವೈದ್ಯರು ಸೇರಿ ವಿವರವಾಗಿ ವರ್ಣಿಸಿದರು. ಒಂದೇ ಇದ್ದರೆ ಚಿಂತೆಯಿಲ್ಲ, ಬೇಕೆನಿಸಿದರೆ ಬುಡದಿಂದ ತೆಗೆಸಿದರೆ ಮುಗಿಯಿತು. ಆದರೆ ಹರೆಯದ ಹುಡುಗ ಹುಡುಗಿಯರ ಉಗುರಿನ ಸುತ್ತ, ಅದರಲ್ಲೂ ಕಾಲ್ಬೆರಳುಗಳಲ್ಲಿ, ಇಂಥವು ಎರಡು ಮೂರು ಎದ್ದರೆ ವೈದ್ಯರು ಬೆರಳನ್ನು ಬಿಟ್ಟು ಇಡೀ ದೇಹವನ್ನು ನೋಡಬೇಕಾಗುತ್ತದೆ. 1932ರಲ್ಲಿ ಕೋನೆನ್ ಎಂಬ ವೈದ್ಯರು ಒಂದೇ ಕುಟುಂಬದ ಹಲವರ ಉಗುರುಗಳಲ್ಲಿ ಈ ಗಂಟುಗಳನ್ನು ಕಂಡು, ಅವು ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯ ಭಾಗವೆಂದು ತಿಳಿಸಿದರು. ಮಿದುಳು, ಮೂತ್ರಪಿಂಡ, ಹೃದಯಗಳಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆಗಳು ಬೆಳೆಯುವ ಕಾಯಿಲೆ ಇದು. ಸುಮಾರು ಆರು ಸಾವಿರ ಹುಟ್ಟಿಗೆ ಒಂದರಂತೆ ಕಾಣಿಸುತ್ತದೆ. ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆ, ಮೂಗಿನ ಅಕ್ಕಪಕ್ಕ ಕೆಂಪು ಗುಳ್ಳೆ, ಎಳವೆಯಲ್ಲಿ ಫಿಟ್ಸ್ ಬಂದ ಇತಿಹಾಸ, ಇವು ಜೊತೆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮೊಡವೆ ಎಂದು ಮುಖಕ್ಕೆ ಕ್ರೀಮು ಹಚ್ಚುತ್ತಾ, ಕಾಲಿನ ಗಂಟು ಕತ್ತರಿಸಿಕೊಳ್ಳುತ್ತಾ ವರ್ಷಗಳು ಕಳೆದರೆ ಮೂತ್ರಪಿಂಡದ ಗಡ್ಡೆ ಸದ್ದಿಲ್ಲದೆ ಬೆಳೆಯುತ್ತದೆ. ಈಗ ಅದನ್ನು ಕುಗ್ಗಿಸುವ ಎವರೊಲಿಮಸ್ ಎಂಬ ಮಾತ್ರೆ ಇದೆ, ಹಾಗಾಗಿ ಬೇಗ ಗೊತ್ತಾದಷ್ಟೂ ಲಾಭ.

ಹಸುಗೂಸುಗಳ ಬೆರಳಿನಲ್ಲೂ ಗಂಟು ಬರುತ್ತದೆ. ಸಿಡ್ನಿಯ ಮಕ್ಕಳ ಆಸ್ಪತ್ರೆಯ ರೋಗಲಕ್ಷಣ ತಜ್ಞ ಡಗ್ಲಸ್ ರೇ 1965ರಲ್ಲಿ ವರ್ಣಿಸಿದ ಈ ನಾರುಗಂಟು ಹೆಚ್ಚಾಗಿ ಮೊದಲ ವರ್ಷದಲ್ಲೇ, ಹೆಬ್ಬೆರಳುಗಳನ್ನು ಬಿಟ್ಟು ಉಳಿದ ಬೆರಳುಗಳ ಮೇಲೆ ಗುಲಾಬಿ ಬಣ್ಣದಲ್ಲಿ ಏಳುತ್ತದೆ. ಕತ್ತರಿಸಿ ತೆಗೆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಮತ್ತೆ ಬೆಳೆಯುತ್ತದೆ. ಬಿಟ್ಟರೆ ಎರಡು ಮೂರು ವರ್ಷಗಳಲ್ಲಿ ತಾನಾಗಿ ಕುಗ್ಗುವುದೇ ಹೆಚ್ಚು. ಬೆರಳು ಸೊಟ್ಟಗಾಗುತ್ತಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಇನ್ನು ಹುಟ್ಟುವಾಗಲೇ ಕಿರುಬೆರಳ ಪಕ್ಕ ತೊಟ್ಟಿನಂತೆ ನೇತಾಡುವ ಆರನೇ ಬೆರಳಿಗೆ ದಾರ ಬಿಗಿಯುವ ಪದ್ಧತಿ ಇದೆಯಲ್ಲ, ಅದು ಬುಡದಲ್ಲಿ ಉಳಿಸುವ ನರದ ಗಂಟು ಆ ಮಗು ದೊಡ್ಡವನಾದ ಮೇಲೂ ಮುಟ್ಟಿದರೆ ನೋಯುತ್ತಿರುತ್ತದೆ.

ಮುಟ್ಟಿದರೆ ರಕ್ತ ಸುರಿಯುವ ಕೆಂಪು ಮೆತ್ತನೆಯ ಗಂಟನ್ನು ಜನ ದುರ್ಮಾಂಸ ಎನ್ನುತ್ತಾರೆ. ಸಣ್ಣ ಗೀರು, ಮುಳ್ಳು, ಚರ್ಮದೊಳಗೆ ಬೆಳೆದ ಕಾಲುಗುರು ಇದಕ್ಕೆ ನೆಪವಾಗುತ್ತದೆ, ಬಸುರಿಯರಲ್ಲಿ ಇನ್ನೂ ಹೆಚ್ಚು. ಕೆಲವೇ ವಾರಗಳಲ್ಲಿ ಬೆಳೆಯುತ್ತದೆ. 1897ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಇದನ್ನು ಮೊದಲು ವರ್ಣಿಸಿದ ಪೋನ್ಸೆ ಮತ್ತು ದೋರ್ ಕುದುರೆಗಳಿಂದ ಬಂದ ಸೋಂಕೆಂದು ತಿಳಿದಿದ್ದರು. ಒಳಗಿರುವುದು ಹೊಸದಾಗಿ ಚಿಗುರಿದ ಸೂಕ್ಷ್ಮ ರಕ್ತನಾಳಗಳ ಗೊಂಚಲು, ಅಷ್ಟೇ. ಬುಡಸಮೇತ ತೆಗೆದು ಸುಟ್ಟರೆ ವಾಸಿ.

ಕಣ್ಣಿಗೆ ಕಾಣದಿದ್ದರೂ ಎಲ್ಲಕ್ಕಿಂತ ಹೆಚ್ಚು ನರಳಿಸುವ ಗಂಟೊಂದಿದೆ. ಬೆರಳ ತುದಿಯಲ್ಲಿ ಚಳಿ ಸೆಕೆಗೆ ತಕ್ಕಂತೆ ರಕ್ತದ ಹರಿವನ್ನು ಹೊಂದಿಸುವ ಗ್ಲೋಮಸ್ ಎಂಬ ಪುಟ್ಟ ಅಂಗಗಳಿವೆ. ಅವುಗಳಲ್ಲೊಂದು ಉಗುರಿನಡಿ ಗಡ್ಡೆಯಾದರೆ ಗಾತ್ರ ಕೆಲವೇ ಮಿಲಿಮೀಟರ್. ಮೇಲೆ ಏನೂ ಕಾಣುವುದಿಲ್ಲ, ಹೆಚ್ಚೆಂದರೆ ಉಗುರಿನಡಿ ನೀಲಿ ಛಾಯೆ. ಆದರೆ ತಣ್ಣೀರು ತಾಗಿದರೆ ಸಿಡಿಲು ಹೊಡೆದ ನೋವು. ಮೂವತ್ತರಿಂದ ಐವತ್ತರ ನಡುವಿನ ಹೆಂಗಸರಲ್ಲಿ ಇದು ಹೆಚ್ಚು. ಮುಂಜಾವದ ನಲ್ಲಿ ನೀರಿನಲ್ಲಿ ಪಾತ್ರೆ ತೊಳೆಯಲಾಗದೆ ಕೈ ಹಿಂದಕ್ಕೆಳೆಯುವ ಹೆಂಗಸಿನ ಬೆರಳಿನಲ್ಲಿ ಮನೆಯವರಿಗೆ ಏನೂ ಕಾಣದು, ಎಕ್ಸ್‌ರೇಯಲ್ಲೂ ಬಹಳ ಸಲ ಕಾಣದು. ನೆಪ ಹೇಳುತ್ತಾಳೆ, ಮನಸ್ಸಿನ ಕಾಯಿಲೆ ಎಂಬ ಮಾತು ಕೇಳಿಕೊಂಡು ಎಷ್ಟೋ ಮಂದಿ ವರ್ಷಗಟ್ಟಲೆ ಅಲೆದಿದ್ದಾರೆ.

ಎಡಿನ್‌ಬರೋದ ವಿಲಿಯಂ ವುಡ್ 1812ರಲ್ಲೇ ಚರ್ಮದಡಿಯ ಇಂಥ ನೋವಿನ ಗಂಟನ್ನು ವರ್ಣಿಸಿದ್ದರು, 1924ರಲ್ಲಿ ಪಿಯೇರ್ ಮ್ಯಾಸನ್ ಅದು ಗ್ಲೋಮಸ್‌ನಿಂದ ಹುಟ್ಟುವುದೆಂದು ತಿಳಿಸಿದರು. ಪತ್ತೆಗೆ ಬೇಕಾದದ್ದು ಒಂದು ಗುಂಡುಪಿನ್ನು. ಪಿನ್ನಿನ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತುತ್ತಾ ಹೋದರೆ ಒಂದೇ ಒಂದು ಬಿಂದುವಿನಲ್ಲಿ ರೋಗಿ ಚೀರುತ್ತಾರೆ, ಅದರ ಪಕ್ಕದಲ್ಲಿ ಒತ್ತಿದರೆ ಏನೂ ಇಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಗ್ರಾಫ್ಟನ್ ಲವ್ 1944ರಲ್ಲಿ ಬರೆದಿಟ್ಟ ಪರೀಕ್ಷೆ ಇದು. ಜಾಗ ಖಚಿತಪಡಿಸಲು ಎಂಆರ್‌ಐ ನೆರವಾಗುತ್ತದೆ. ಗಡ್ಡೆಯನ್ನು ಪೂರ್ತಿ ತೆಗೆದರೆ ವರ್ಷಗಳ ನೋವು ಹೊರಟುಹೋಗುತ್ತದೆ. ತಣ್ಣೀರಿಗೆ ಬೆರಳು ನೋಯುತ್ತದೆ ಎನ್ನುವವರ ಮಾತನ್ನು ನಂಬಿ ಒಂದು ನಿಮಿಷ ಪಿನ್ನು ಹಿಡಿಯುವ ವೈದ್ಯರು ಸಿಕ್ಕರೆ ಅವರ ಅಲೆದಾಟ ಅಲ್ಲಿಗೇ ನಿಲ್ಲುತ್ತದೆ.

ನಿರಪಾಯದ ಗಂಟಿನ ವೇಷದಲ್ಲಿ ಅಪಾಯದ್ದೂ ಬರುತ್ತದೆ. ಗಾಯಕ ಬಾಬ್ ಮಾರ್ಲಿ ಅವರ ಬಲಗಾಲಿನ ಹೆಬ್ಬೆರಳ ಉಗುರಿನಡಿಯ ಹುಣ್ಣನ್ನು ಫುಟ್‌ಬಾಲ್ ಆಟದ ಗಾಯವೆಂದು ತಿಳಿಯಲಾಗಿತ್ತು. 1977ರಲ್ಲಿ ಅದು ಮೆಲನೋಮ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆರಳು ತೆಗೆಸಲು ಅವರು ಒಪ್ಪಲಿಲ್ಲ. 1981ರ ಮೇ 11ರಂದು, 36ನೇ ವಯಸ್ಸಿನಲ್ಲಿ ತೀರಿಕೊಂಡರು. ಕಪ್ಪು, ಕಂದು ಮೈಬಣ್ಣದವರಲ್ಲಿ ಮೆಲನೋಮ ಅಪರೂಪ, ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನಡಿಯನ್ನೇ ಹೆಚ್ಚಾಗಿ ಹಿಡಿಯುತ್ತದೆ. ಉಗುರಿನ ಕಪ್ಪು ಪಟ್ಟೆ ಅಗಲವಾಗುತ್ತಾ ಸುತ್ತಲಿನ ಚರ್ಮಕ್ಕೂ ಹರಡಿದರೆ ತಡಮಾಡಬಾರದು. ದೊಡ್ಡವರ ಒಂದೇ ಬೆರಳಿನಲ್ಲಿ, ಉಗುರಿನ ಪಕ್ಕ, ಯಾವ ಚಿಕಿತ್ಸೆಗೂ ಜಗ್ಗದೆ ವರ್ಷಗಟ್ಟಲೆ ಉಳಿದ ನರಹುಲಿ ಕೂಡ ಕೆಲವು ಸಲ ಚರ್ಮದ ಕ್ಯಾನ್ಸರ್ ಆಗಿರುತ್ತದೆ.

ಒಂದೇ ಊರಿನ ಹಲವರ ಅಂಗೈ ಅಂಗಾಲುಗಳಲ್ಲಿ ಗಟ್ಟಿ ಕಾಳುಗಳು ಎದ್ದರೆ ನೋಡಬೇಕಾದದ್ದು ಅಲ್ಲಿಯ ನೀರನ್ನು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಚಿನ್ನದ ಗಣಿಗಾರಿಕೆ ನಡೆದಿದ್ದ ಸೀಮೆಯಲ್ಲಿದೆ. ಅಲ್ಲಿಯ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇತ್ತು, ಜನರ ಅಂಗೈ ಅಂಗಾಲುಗಳಲ್ಲಿ ಈ ಕಾಳುಗಳಿದ್ದವು. ಇವು ನರಹುಲಿಯೂ ಅಲ್ಲ, ಆಣಿಯೂ ಅಲ್ಲ. ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲ ಇವಕ್ಕೆ ಮೊದಲ ಚಿಕಿತ್ಸೆ ಆ ಬಾವಿ, ಬೋರ್‌ವೆಲ್ಲುಗಳ ನೀರು ಕುಡಿಯುವುದನ್ನು ನಿಲ್ಲಿಸುವುದು.

ಗಂಟಿನ ಬಣ್ಣ ಬದಲಾದರೆ, ತಾನಾಗಿ ರಕ್ತ ಬಂದರೆ, ಉಗುರನ್ನು ಎತ್ತಿದರೆ, ವಾರಗಳಲ್ಲೇ ಹಿಗ್ಗಿದರೆ, ರಾತ್ರಿ ನಿದ್ದೆ ಕೆಡಿಸುವಷ್ಟು ನೋವಾದರೆ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗದ ಚೀಟಿ ಮಾಡಿಸುವುದು ಒಳಿತು. ಉಗುರಿನಡಿ ಗಟ್ಟಿ ಗಂಟಿದ್ದರೆ ಒಂದು ಎಕ್ಸ್‌ರೇ ಬೇಕು, ಏಕೆಂದರೆ ಹದಿಹರೆಯದವರ ಕಾಲ ಹೆಬ್ಬೆರಳಿನಲ್ಲಿ ಅದು ಮೂಳೆಯೇ ಬೆಳೆದು ಉಗುರನ್ನು ದೂಡಿದ್ದಿರಬಹುದು. ಗಂಟನ್ನು ತೆಗೆಸಿದವರು ಮರೆಯದೆ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ತೆಗೆದ ಚೂರು ಎಲ್ಲಿ ಹೋಯಿತು? ಅದು ಕಸದ ಬುಟ್ಟಿಗೆ ಬೀಳಬಾರದು. ಫಾರ್ಮಲಿನ್ ತುಂಬಿದ ಸಣ್ಣ ಬಾಟಲಿಯಲ್ಲಿ, ಮೇಲೆ ರೋಗಿಯ ಹೆಸರು ಬರೆದು, ಬಯಾಪ್ಸಿಗೆ ಹೋಗಬೇಕು. ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಬಂದ ಮೇಲೆ ಅದನ್ನು ಕಾಗದದ ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು, ಅದೇ ಜಾಗದಲ್ಲಿ ಮತ್ತೆ ಗಂಟು ಎದ್ದರೆ ಮುಂದಿನ ವೈದ್ಯರು ಮೊದಲು ಕೇಳುವುದು ಆ ಹಾಳೆಯನ್ನೇ.